ನಂಬರಿಲ್ಲದ ನೀಲಿ ಗಂಟು

ಸೋಮವಾರ, ಮಧ್ಯಾಹ್ನ
ಮಗು ಮಲಗಿ ಹತ್ತು ನಿಮಿಷವಾಯಿತು

ಪ್ರೀತಿಯ ಅಮ್ಮಾ,

ಮಗ ಕಾಗದ ಬರೆದಿದ್ದಾನೆ ಎಂದು ಗಾಬರಿಯಾಗಬೇಡ. ಮೊಮ್ಮಗಳು ಚೆನ್ನಾಗಿದ್ದಾಳೆ, ನಿನ್ನ ಸೊಸೆ ಚೆನ್ನಾಗಿದ್ದಾಳೆ, ನನ್ನ ಎಡಗೈಯ ತೋರುಬೆರಳು ಮಾತ್ರ ಜರಡಿಯಾಗಿದೆ. ಅದರ ಕಥೆ ಮುಂದೆ ಬರುತ್ತದೆ. ಫೋನಿನಲ್ಲೇ ಹೇಳಬಹುದಿತ್ತು ನಿಜ. ಆದರೆ ನೀನು ಫೋನನ್ನು ಮಷಿನ್ನಿನ ಪಕ್ಕ ಮಲಗಿಸಿ ಹೊಲಿಯುತ್ತಲೇ ಮಾತಾಡುವವಳು. ನಾನು ಹೇಳುವುದರಲ್ಲಿ ಅರ್ಧ ನಿನಗೆ ಕೇಳಿಸುವುದಿಲ್ಲ, ನನಗಂತೂ ಟಕಟಕ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಕಾಗದ ಓದುವಾಗಲಾದರೂ ಕಾಲು ನಿಲ್ಲಿಸುತ್ತೀಯ ಎಂಬ ಆಸೆ. ಜೊತೆಗೆ ಒಂದು ಪೊಟ್ಟಣ ಇದೆ. ಮೊದಲು ಕಾಗದ ಓದು, ಆಮೇಲೆ ಪೊಟ್ಟಣ ಬಿಚ್ಚು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ನಿನ್ನ ಕೈ ಮೊದಲು ಕತ್ತರಿಗೇ ಹೋಗುತ್ತದೆ ಎಂದು ಗೊತ್ತು. ಆದರೂ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ ಸೊಸೆ ಲ್ಯಾಬ್ ಕೆಲಸಕ್ಕೆ ಮರಳಿ ಎರಡೂವರೆ ತಿಂಗಳಾಯಿತು. ಬೆಳಿಗ್ಗೆ ಏಳೂವರೆಗೆ ಹೊರಟರೆ ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡಿ ಸಂಜೆ ನಾಲ್ಕೂವರೆಗೆ ಬರುತ್ತಾಳೆ. ನಾನು ಕಚೇರಿಗೆ ಆರು ತಿಂಗಳ ರಜೆ ಹಾಕಿದ್ದೇನೆ. ಹನ್ನೊಂದು ವರ್ಷ ಊರವರ ಮನೆಗಳ ನಕ್ಷೆ ಬರೆದವನು ಈಗ ಸ್ವಂತ ಮನೆಯೊಳಗೆ ಉಳಿದಿದ್ದೇನೆ. ಒಂದಂತೂ ತಿಳಿಯಿತು, ಅಡುಗೆಮನೆಯ ಬಾಗಿಲನ್ನು ಎಲ್ಲ ನಕ್ಷೆಗಳಲ್ಲೂ ತಪ್ಪು ಕಡೆಗೇ ಇಡುತ್ತ ಬಂದಿದ್ದೇನೆ. ಮಗುವನ್ನು ಎತ್ತಿಕೊಂಡು ಒಂದೇ ಕೈಯಲ್ಲಿ ಆ ಬಾಗಿಲು ತೆಗೆದು ನೋಡಿದ್ದರೆ ಆಗಲೇ ಬುದ್ಧಿ ಬರುತ್ತಿತ್ತು.

ಮೊದಲ ಎರಡು ವಾರ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಕೆಲಸ ಹೆಚ್ಚೆಂದಲ್ಲ, ಮಾಡಿದ್ದು ಯಾವುದೂ ಉಳಿಯುತ್ತಿರಲಿಲ್ಲವಲ್ಲ ಎಂದು. ಬಾಟಲಿ ತೊಳೆದರೆ ಮತ್ತೆ ಹಾಲು, ಬಟ್ಟೆ ಬದಲಿಸಿದರೆ ಮತ್ತೆ ಒದ್ದೆ, ಮಲಗಿಸಿದರೆ ಮತ್ತೆ ಎಚ್ಚರ. ಕಚೇರಿಯಲ್ಲಿ ಸಂಜೆ ಹೊತ್ತಿಗೆ ಹಾಳೆಯ ಮೇಲೆ ಒಂದು ಗೋಡೆಯಾದರೂ ಎದ್ದಿರುತ್ತಿತ್ತು. ಇಲ್ಲಿ ನಿನ್ನ ಸೊಸೆ ಬಂದು ಇವತ್ತೇನು ಮಾಡಿದೆ ಎಂದು ಅಕ್ಕರೆಯಿಂದ ಕೇಳಿದರೆ, ದಿನವಿಡೀ ಕೂರಲು ಪುರುಸೊತ್ತಿಲ್ಲದವನ ಬಳಿ ತೋರಿಸಲು ಏನೂ ಇರುತ್ತಿರಲಿಲ್ಲ. ಒಂದು ದಿನ ಬಾಟಲಿ ತೊಳೆಯುತ್ತ ತೊಳೆಯುತ್ತ ಅಳುವೇ ಬಂತು. ನನ್ನನ್ನು ಮಷಿನ್ನಿನ ಕೆಳಗೆ ಮಲಗಿಸಿಕೊಂಡು, ಒಂದು ಕಾಲಲ್ಲಿ ಪೆಡಲು ತುಳಿಯುತ್ತ ಇನ್ನೊಂದು ಕಾಲಲ್ಲಿ ನನ್ನ ಬೆನ್ನು ತಟ್ಟುತ್ತ ನೀನು ಹೇಗೆ ಬೆಳೆಸಿದೆ ಎಂದು ಅವತ್ತು ಮೊದಲ ಸಲ ಯೋಚಿಸಿದೆ. ಮೂವತ್ತನಾಲ್ಕನೇ ವಯಸ್ಸಿಗೆ ಬಂದ ಬುದ್ಧಿ ಇದು.

ನಮ್ಮ ಬೀದಿಯ ತಿರುವಿನಲ್ಲಿ ಗುಂಡಿ, ನೂಲು, ಲೇಸು ಮಾರುವ ಸಣ್ಣ ಅಂಗಡಿ ಇದೆಯಲ್ಲ, ಮರುದಿನ ಅಲ್ಲಿಗೆ ಹೋದೆ. ಮಗುವನ್ನು ಎದೆಗೆ ಕಟ್ಟಿಕೊಂಡು ಒಂದು ಕ್ರೋಷಾ ಕಡ್ಡಿ, ಒಂದು ಉಂಡೆ ಉಲ್ಲನ್ ಕೇಳಿದೆ. ಅಂಗಡಿಯಾಕೆಗೆ ನಿನ್ನದೇ ವಯಸ್ಸು. ಹೆಂಡತಿಗಾ ಎಂದು ಕೇಳಿದರು. ನನಗೇ ಎಂದೆ. ಕನ್ನಡಕದ ಮೇಲಿಂದ ನೋಡಿ, "ಮಗೂನ ಕಟ್ಕೊಂಡು ಕ್ರೋಷಾ ಕಡ್ಡಿ ಕೇಳೋ ಗಂಡಸನ್ನ ಇವತ್ತೇ ನೋಡ್ತಿರೋದು. ಕೂತ್ಕೊಳ್ಳಿ, ಮೊದಲ ಸಾಲು ಹಾಕಿ ತೋರಿಸ್ತೀನಿ," ಎಂದರು. ಎಂಟನೇ ವಯಸ್ಸಿನಲ್ಲಿ ನಾನು ಮಷಿನ್ ಸೂಜಿಗೆ ಉಗುರು ಕೊಟ್ಟಂದಿನಿಂದ ನೀನು ನನ್ನನ್ನು ಆ ಕಡೆ ಸುಳಿಯಲೂ ಬಿಡಲಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದರೇ ಹೊರತು ಮಗನ ವಿಷಯ ಯಾರೂ ಹೇಳಲಿಲ್ಲ. ಹಾಗಾಗಿ ನಾನು ಅಕ್ಷರಾಭ್ಯಾಸ ಮಾಡಿದ್ದು ಆ ಅಂಗಡಿಯ ಸ್ಟೂಲಿನ ಮೇಲೆ.

ವಾರ ಕಷ್ಟಪಟ್ಟು ಒಂದು ಜೊತೆ ಕಾಲುಚೀಲ ಹೆಣೆದೆ. ಒಂದು ಮಗುವಿನ ಹೆಬ್ಬೆರಳಿಗೆ ಸರಿ, ಇನ್ನೊಂದು ನನ್ನ ಮುಷ್ಟಿಗೂ ಸಡಿಲ. ಕಚೇರಿಯಲ್ಲಿ ಕೂದಲೆಳೆಯಷ್ಟೂ ಅಳತೆ ತಪ್ಪದವನು ಎಂದು ಹೆಸರಾದವನ ಗತಿ ಇದು. ಅಂಗಡಿಯಾಕೆ ಎರಡನ್ನೂ ಮೇಜಿನ ಮೇಲಿಟ್ಟು ನೋಡಿ, "ಇದನ್ನ ಹೆಣೆದ ದಿನ ಮಗು ಅಳ್ತಿತ್ತು, ಕೈ ಬಿಗಿಯಾಗಿದೆ. ಇದನ್ನ ಹೆಣೆದ ದಿನ ಮಲಗಿತ್ತು. ಸ್ಕೇಲು ಮನೇಲಿಡಿ ಸ್ವಾಮಿ, ಅಳತೆ ಇರೋದು ಕೈಯಲ್ಲಿ," ಎಂದರು. ಎರಡನ್ನೂ ಕಪಾಟಿನಲ್ಲಿ ಇಟ್ಟಿದ್ದೇನೆ. ಯಾರಿಗೂ ಆಗದಿದ್ದರೂ ನಾನು ಮಾಡಿದ್ದು ಎಂದು ತೋರಿಸಲಾದರೂ ಇವೆ.

ಆಮೇಲೆ ಹುರುಪು ಬಂತು. ಬಟ್ಟೆಯ ಐದು ಮೀನು ಮಾಡಿ ತೊಟ್ಟಿಲ ಮೇಲೆ ತೂಗುಹಾಕಿದೆ. ಕಿಟಕಿಯ ಗಾಳಿಗೆ ಅವು ತಿರುಗುತ್ತವೆ. ನಮ್ಮ ಮೆಣಸಿನಕಾಳು (ಮೊಮ್ಮಗಳಿಗೆ ನಾವಿಟ್ಟ ಹೆಸರು, ಗಾತ್ರ ಇಷ್ಟೇ, ಖಾರ ಅಷ್ಟು) ಬಾಯಿ ಬಿಟ್ಟು ಕೇಕೆ ಹಾಕಿದ್ದು ನನ್ನನ್ನು ನೋಡಿ ಅಲ್ಲ, ಮೂರನೇ ಮೀನನ್ನು ನೋಡಿ. ಆ ಮೀನಿಗೆ ಕಣ್ಣು ಬಾಲದ ಹತ್ತಿರ ಇದೆ. ಆನೆಯೊಂದನ್ನೂ ಹೊಲಿದೆ, ಸೊಂಡಿಲು ಇಡುವ ಮೊದಲು ನಿನ್ನ ಸೊಸೆ ನೋಡಿ ಆಲೂಗಡ್ಡೆ ಚೆನ್ನಾಗಿದೆ ಎಂದಳು. ನಾನು ಮುನಿಸಿಕೊಳ್ಳಲಿಲ್ಲ. ನಿಜ ಹೇಳಲಾ, ಇಷ್ಟು ಸಂತೋಷವಾಗಿ ನಾನು ಯಾವತ್ತೂ ಇರಲಿಲ್ಲ. ಮಗು ಮಲಗಿದ ಕೂಡಲೇ ಸೂಜಿ ಹಿಡಿಯುತ್ತೇನೆ, ಎದ್ದ ಕೂಡಲೇ ಇಡುತ್ತೇನೆ. ಮಧ್ಯೆ ಎಷ್ಟು ಸಾಗಿತೋ ಅಷ್ಟು ನನ್ನದು.

ಆನೆಗೂ ಮುಂಚೆ ಒಂದು ಹೊದಿಕೆಗೆ ಕೈ ಹಾಕಿದ್ದೆ. ಹೊದಿಕೆಯ ವಿಷಯ ನಿನಗೆ ಹೇಳಬೇಕು. ಅಯ್ಯೋ, ಎದ್ದಳು. ನಾಳೆ ಬರೆಯುತ್ತೇನೆ.

ಮಂಗಳವಾರ, ಮಧ್ಯಾಹ್ನ

ನಿನ್ನೆ ಮಗು ಎದ್ದಳು ಎಂದು ಬರೆದೆನಲ್ಲ, ಸುಳ್ಳು. ಅವಳು ಇನ್ನೂ ಮುಕ್ಕಾಲು ಗಂಟೆ ಮಲಗಿದ್ದಳು. ಹೊದಿಕೆಯ ವಿಷಯ ಬಂದಾಗ ನನಗೇ ಮುಂದೆ ಬರೆಯಲು ಆಗಲಿಲ್ಲ.

ಅಮ್ಮಾ, ಹೋದ ತಿಂಗಳ ಮೊದಲ ವಾರ ಫೋನಿನಲ್ಲಿ ನೀನು ಕೇಳಿದೆ: "ನೀಲಿ ಗಂಟು ಒಂದು ಅಲ್ಲೇ ಉಳೀತಾ ನೋಡು." ನಾನು ಇಲ್ಲಮ್ಮ ಎಂದೆ. ಉಳಿದಿತ್ತು. ಮಗು ನೋಡಲು ಬಂದಿದ್ದ ನೀನು ಊರಿಗೆ ಹೋದ ಮೇಲೆ ಕೋಣೆ ಗುಡಿಸುವಾಗ, ನೀನು ಮಲಗುತ್ತಿದ್ದ ಮಂಚದ ತಲೆಯ ಕಡೆ ಸಿಕ್ಕಿತ್ತು. ಕಡುನೀಲಿ ಬಟ್ಟೆ, ಸಾಸಿವೆಯಷ್ಟು ಬಿಳಿ ಚುಕ್ಕಿ. ನೀನು ಕೇಳುವ ಹೊತ್ತಿಗೆ ಅದು ನಾಲ್ಕಿಂಚಿನ ಅರವತ್ತಮೂರು ಚೌಕಗಳಾಗಿ ನನ್ನ ಮೇಜಿನ ಮೇಲಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ದೊಣ್ಣೆಯಾದೆ, ಅದೂ ಸ್ಕೇಲಿಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು, ಅಚ್ಚುಕಟ್ಟಾಗಿ.

ನನ್ನ ಪರವಾಗಿ ಒಂದೇ ಮಾತು. ನಿನ್ನ ಅಂಗಡಿಯ ನಿಯಮ ನನಗೆ ಅಆಇಈಗಿಂತ ಮೊದಲು ಬಂದದ್ದು. ಕತ್ತರಿಸಿದ ಬಟ್ಟೆಯನ್ನು ಸುರುಳಿ ಸುತ್ತಿ, ಅದರದೇ ಅಂಚಿನ ಪಟ್ಟಿಯಿಂದ ಕಟ್ಟಿ, ಹಳೇ ಕ್ಯಾಲೆಂಡರಿನ ಚೀಟಿಯಲ್ಲಿ ಗಿರಾಕಿಯ ನಂಬರು ಬರೆದು ಪಿನ್ನು ಚುಚ್ಚಿ ಮೊಳೆಗೆ ಹಾಕುತ್ತೀಯ. ನಂಬರಿದ್ದ ಗಂಟನ್ನು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ನಂಬರಿಲ್ಲದ್ದು ಚೂರುಪಾರು, ನನ್ನ ಆಟಕ್ಕೆ. ಚಿಕ್ಕವನಿದ್ದಾಗ ಎಷ್ಟು ಬಟ್ಟೆ ಚೆಂಡು ಮಾಡಿಲ್ಲ ನಾನು! ಈ ನೀಲಿ ಗಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಚೀಟಿ ಇರಲಿಲ್ಲ. ಮೊಮ್ಮಗಳಿಗೆಂದು ಅಜ್ಜಿ ಬಿಟ್ಟುಹೋದ ಚೂರು ಎಂದು ಖುಷಿಯಿಂದಲೇ ಕತ್ತರಿ ಹಾಕಿದೆ.

ನೀನು ಕೇಳಿದಾಗ, ಯಾವ ಗಿರಾಕಿಯದೋ ಏನೋ ಎಂದು ಹೆದರಿ ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟೆ. ನೀನು, "ಹೋಗ್ಲಿ ಬಿಡು, ಅದೇನು ಯಾರದ್ದೂ ಅಲ್ಲ," ಎಂದೆ. ಬದುಕಿದೆಯಾ ಬಡಜೀವವೇ ಎಂದುಕೊಂಡು ನಾನು ಚೌಕಗಳನ್ನು ಜೋಡಿಸಲು ಕೂತೆ.

ಹೊದಿಕೆಯ ಮೇಲ್ಭಾಗ ಮುಗಿಯಿತು, ಅಡಿಯ ಬಟ್ಟೆ ಇನ್ನೂ ಹಾಕಿರಲಿಲ್ಲ. ಆನೆಯ ಹೊಟ್ಟೆಗೆ ತುಂಬಲು ಏನಾದರೂ ಬೇಕಿತ್ತು. ಚೌಕಕ್ಕೆ ಸಿಗದೆ ಉಳಿದ ಅಂಚಿನ ತುಂಡುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಟ್ಟಿದ್ದೆ. ಅವನ್ನು ಮೇಜಿನ ಮೇಲೆ ಸುರಿದೆ. ಎಲ್ಲವೂ ಬಾಗಿದ ತುಂಡುಗಳು. ಅವುಗಳಲ್ಲಿ ಎರಡು, ಒಂದು ಇನ್ನೊಂದರ ಕನ್ನಡಿ ಬಿಂಬದ ಹಾಗೆ ಕಂಡವು. ನಕ್ಷೆ ಬರೆಯುವವನ ಕಣ್ಣಿಗೆ ಅಂಥದ್ದು ಬಿದ್ದರೆ ಮುಗಿಯಿತು. ಚೂರುಪಾರು ಯಾವತ್ತೂ ಜೋಡಿಯಾಗಿ ಇರುವುದಿಲ್ಲ. ಆನೆಯನ್ನು ಬದಿಗಿಟ್ಟೆ.

ಗ್ರಾಫ್ ಹಾಳೆ ಹಾಸಿ ತುಂಡುಗಳನ್ನು ಜೋಡಿಸಿದೆ. ಇದು ಕುತ್ತಿಗೆ, ಇದು ಕಂಕುಳ, ಇದು ಭುಜ. ಹೊದಿಕೆಯನ್ನು ತಿರುಗಿಸಿ ನೋಡಿದರೆ ಹಿಂಭಾಗದ ಚೌಕಗಳಲ್ಲಿ ನಿನ್ನ ಸೀಮೆಸುಣ್ಣದ ಗೆರೆಗಳು ಹಾಗೇ ಇದ್ದವು. ಅವನ್ನೂ ಹಾಳೆಗೆ ಇಳಿಸಿದೆ. ಐದು ಮಧ್ಯಾಹ್ನ ಹಿಡಿಯಿತು. ಕೊನೆಗೆ ನನ್ನ ಮುಂದೆ ಉದ್ದ ತೋಳಿನ, ಮೊಣಕಾಲು ದಾಟುವ ಒಂದು ಅಂಗಿ ಬಿದ್ದುಕೊಂಡಿತ್ತು. ಎರಡು ಪುಟ್ಟ ತುಂಡುಗಳು ಮಾತ್ರ ಎಲ್ಲೂ ಕೂರಲಿಲ್ಲ. ಅವು ಚೌಕಕ್ಕೆ ಸಾಲದೆಂದು ಇಡಿಯಾಗಿ ಉಳಿದಿದ್ದವು. ಜೇಬಿರಬೇಕು ಎಂದು ಪಕ್ಕಕ್ಕಿಟ್ಟೆ.

ಆದರೆ ನಕ್ಷೆಯಲ್ಲಿ ಒಂದು ತಪ್ಪಿತ್ತು. ಎಡಭುಜಕ್ಕಿಂತ ಬಲಭುಜ ಅರ್ಧ ಇಂಚು ತಗ್ಗು. ಮೂರು ಸಲ ಅಳೆದೆ. ನೀನು ಅಳತೆ ತಪ್ಪುವವಳಲ್ಲ. ಹಾಗಾದರೆ ಇದನ್ನು ತೊಡುವವರದೇ ಭುಜ ಹಾಗಿರಬೇಕು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಹೈಸ್ಕೂಲಿನಲ್ಲಿದ್ದಾಗ ನಾನೇ ಕೇಳಿದ್ದೆ, ನಿನ್ನ ಬಲಭುಜ ಯಾಕೆ ಇಳಿದಿದೆ ಎಂದು. "ಪೆಡಲು ತುಳಿಯೋ ಮೊದಲು ಪ್ರತಿ ಸಲ ಬಲಗೈಲಿ ಚಕ್ರ ತಳ್ಳಬೇಕು, ಹಾಗೆ ನಲವತ್ತು ಸಲ ತಳ್ಳಿದ್ರೆ ಒಂದು ತೋಳು ಆಗುತ್ತೆ ಕಣೋ. ಎಷ್ಟು ತೋಳು ಹೊಲಿದಿದ್ದೀನಿ ನೀನೇ ಲೆಕ್ಕ ಹಾಕು," ಎಂದು ನೀನು ನಕ್ಕಿದ್ದೆ.

ಅದು ನಿನ್ನ ಅಂಗಿ. ಊರಿಗೆಲ್ಲ ಹೊಲಿಯುವ ನೀನು ನಿನಗೆಂದು ಹೊಸ ಬಟ್ಟೆ ಕತ್ತರಿಸಿದ್ದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಯಾರೋ ಬಿಟ್ಟುಹೋದದ್ದು, ಯಾರಿಗೋ ಬಿಗಿಯಾದದ್ದು, ಅದನ್ನೇ ಬಿಚ್ಚಿ ಹೊಲಿದು ತೊಟ್ಟವಳು. ಮೊದಲ ಸಲ ನೀನು ನಿನಗಾಗಿ ಕತ್ತರಿಸಿದೆ, ಆದರೆ ನಿನಗೆ ನೀನು ನಂಬರು ಕೊಟ್ಟುಕೊಳ್ಳಲಿಲ್ಲ. ನಾನು ಅದನ್ನು ಚೂರುಪಾರು ಎಂದುಕೊಂಡೆ. ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ ಅಮ್ಮಾ. ಈ ಸಲ ಮಗು ನಿಜವಾಗಿಯೂ ಎದ್ದಳು.

ಬುಧವಾರ, ಮಧ್ಯಾಹ್ನ

ಇದನ್ನು ಓದಿ ನೀನು ಅಪ್ಪನ ಕಡೆ ತಿರುಗಿ, ಇವನಿಗೇನಾಯ್ತು, ಒಂದು ಬಟ್ಟೆಗೆ ಇಷ್ಟು ರಂಪ ಎನ್ನುತ್ತೀಯ. ಒಂದು ಬಟ್ಟೆ ಅಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆ ಫೋಟೊದ ದಿನ ಇದೆಯಲ್ಲ, ಅದು ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ.

ಮಗುವಿಗೆ ಎರಡು ತಿಂಗಳು ತುಂಬಿದ ದಿನ ಎದುರು ಬೀದಿಯ ಫೋಟೊದವನನ್ನು ಮನೆಗೇ ಕರೆಸಿದ್ದೆ. ಎಲ್ಲರೂ ಸಿದ್ಧವಾದೆವು. ನೀನು ಮಾತ್ರ ನಿನ್ನ ಹಳೇ ಅಂಗಿಯ ಮೇಲಿನ ನೂಲಿನ ಎಳೆಗಳನ್ನು ಕೊಡವುತ್ತ, "ಇವತ್ತು ನಾನು ಬೇಡ. ಇನ್ನೊಂದು ವಾರ ಹೋಗ್ಲಿ," ಎಂದೆ. ನಾನು ಅದನ್ನು ಏನೆಂದು ತಿಳಿದೆ! ಮಗುವಿನ ನಿದ್ದೆಗೇಡಿನಲ್ಲಿ ನನ್ನ ತಲೆಯೂ ನೆಟ್ಟಗಿರಲಿಲ್ಲ. "ಗಿರಾಕಿ ಕರೆದ್ರೆ ಸೂಜಿ ಬಾಯಲ್ಲಿಟ್ಕೊಂಡು ಓಡ್ತೀಯ, ಮೊಮ್ಮಗಳನ್ನ ಎತ್ಕೊಂಡು ಎರಡು ನಿಮಿಷ ನಿಲ್ಲೋಕೆ ಆಗಲ್ವಾ?" ಎಂದುಬಿಟ್ಟೆ, ಅದೂ ಫೋಟೊದವನ ಎದುರಿಗೆ. ಮರುದಿನ ಬೆಳಿಗ್ಗೆ, ಇನ್ನೂ ಒಂದು ವಾರ ಇರಬೇಕಾಗಿದ್ದ ನೀನು, ಗಿರಾಕಿಗಳು ಕಾಯ್ತಿದ್ದಾರೆ ಎಂದು ಬಸ್ಸು ಹತ್ತಿದೆ. ಆ ಗಡಿಬಿಡಿಯಲ್ಲೇ ಗಂಟು ಉಳಿದದ್ದು.

ಇನ್ನೊಂದು ವಾರ ಎಂದರೆ ಅಂಗಿ ಮುಗಿಯಲು ಬೇಕಾದ ಒಂದು ವಾರ. ಮೊಮ್ಮಗಳ ಜೊತೆ ನಿಲ್ಲಲು ಹೊಸ ಅಂಗಿ ಬೇಕೆಂದು ಆಸೆಪಟ್ಟಿದ್ದೆ ನೀನು. ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತೇ? ಹೇಳುವವಳಲ್ಲ ಎಂದು ಗೊತ್ತಿದ್ದೂ ನಾನು ಕೇಳಬಾರದಿತ್ತೇ? ಮೂರು ತಿಂಗಳಿಂದ ನೀನು ಈ ಕಡೆ ಬಂದಿಲ್ಲ. ಪ್ರತಿ ಸಲ ಕೆಲಸದ ನೆಪ. ಹಾಗಂದದ್ದು ತಪ್ಪಾಯಿತು ಅಮ್ಮಾ. ನೇರವಾಗಿ ಬರೆಯುತ್ತಿದ್ದೇನೆ, ತಪ್ಪಾಯಿತು.

ಹೊದಿಕೆಯನ್ನು ಬಿಚ್ಚಿ ಕೂಡಿಸಲೇ ಎಂದು ನಿನ್ನ ಸೊಸೆಯನ್ನು ಕೇಳಿದೆ. ಅವಳು, "ಬಿಚ್ಚಬೇಡ. ಅತ್ತೆ ಬೈಯೋದಾದ್ರೆ ಕತ್ತರಿಸಿದ್ದಕ್ಕೆ ಬೈಯಲಿ, ಹೊಲಿದಿದ್ದನ್ನ ಬಿಚ್ಚಿದ್ದಕ್ಕೂ ಬೈಸಿಕೊಳ್ತೀಯಾ?" ಎಂದಳು. ಹಾಗಾಗಿ ನಿನ್ನ ಅಂಗಿ ಈಗ ನಿನ್ನ ಮೊಮ್ಮಗಳ ಮೈಮೇಲಿದೆ. ಹೊದಿಸಿದ ಐದೇ ನಿಮಿಷಕ್ಕೆ ಒದ್ದು ಕೆಳಗೆ ಹಾಕುತ್ತಾಳೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅವಳಿಗೆ ಇನ್ನೂ ಯಾರೂ ಹೇಳಿಕೊಟ್ಟಿಲ್ಲ.

ನಕ್ಷೆ ಕೈಯಲ್ಲಿತ್ತಲ್ಲ, ಬಟ್ಟೆ ಹುಡುಕಲು ಹೊರಟೆ. ಎದೆಯ ಮೇಲೆ ಮಗು, ಜೇಬಿನಲ್ಲಿ ನೀಲಿ ಚೂರು. ನಾಲ್ಕು ಅಂಗಡಿ ಅಲೆದ ಮೇಲೆ ಅದೇ ನೀಲಿ ಸಿಕ್ಕಿತು, ಚುಕ್ಕಿ ಸಿಗಲಿಲ್ಲ. ಗುಂಡಿ ಅಂಗಡಿಯಾಕೆ, "ಚುಕ್ಕಿ ಇಲ್ದಿದ್ರೆ ಹಾಕ್ಕೊಂಡ್ರಾಯ್ತು," ಎಂದು ಬಿಳಿ ದಾರದ ಗಂಟುಹೊಲಿಗೆ ಕಲಿಸಿದರು. ಸೂಜಿಗೆ ದಾರ ಎರಡು ಸಲ ಸುತ್ತಿ ಚುಚ್ಚಿದ ಜಾಗದಲ್ಲೇ ಕೆಳಗಿಳಿಸಿದರೆ ಸಾಸಿವೆಯಷ್ಟು ಗಂಟು ಕೂರುತ್ತದೆ. ಇಡೀ ಅಂಗಿಗೆ ಹಾಕಲು ಹೋದರೆ ಮೆಣಸಿನಕಾಳಿನ ಮದುವೆಗೆ ಮುಗಿಯುತ್ತಿತ್ತು. ಕಾಲರಿಗೂ ತೋಳಿನ ಪಟ್ಟಿಗಳಿಗೂ ಮಾತ್ರ ಹಾಕಿದ್ದೇನೆ. ಬೆರಳು ಜರಡಿಯಾದದ್ದು ಆಗಲೇ.

ಪೂರ್ತಿ ಕೈಹೊಲಿಗೆ. ಇಪ್ಪತ್ತಾರು ಮಧ್ಯಾಹ್ನದ ನಿದ್ದೆ ಹಿಡಿಯಿತು. ತಿರುವಿ ನೋಡಬೇಡ ಎಂದರೂ ನೀನು ಒಳಗಿನ ಹೊಲಿಗೆ ತಿರುವಿಯೇ ನೋಡುತ್ತೀಯ. ನೋಡು. ಎಡತೋಳಿನ ಹೊಲಿಗೆ ಬಿಗಿಯಾಗಿದೆ, ಆ ವಾರ ಚುಚ್ಚುಮದ್ದಿನ ಜ್ವರದಲ್ಲಿ ಮಗು ಅಳುತ್ತಿತ್ತು. ಬೆನ್ನಿನ ಹೊಲಿಗೆ ಮಟ್ಟಸವಾಗಿದೆ, ಅವತ್ತು ಎರಡು ಗಂಟೆ ಮಲಗಿದ್ದಳು. ಉಳಿದ ಆ ಎರಡು ಪುಟ್ಟ ಚುಕ್ಕಿ ತುಂಡುಗಳನ್ನು, ನಿನ್ನದೇ ಬಟ್ಟೆಯಲ್ಲಿ ಇಡಿಯಾಗಿ ಉಳಿದದ್ದು ಅವೆರಡೇ ಆದ್ದರಿಂದ, ಮುಂದೆ ಎರಡು ಜೇಬಾಗಿ ಹೊಲಿದಿದ್ದೇನೆ. ಬಲಭುಜವನ್ನು ಅರ್ಧ ಇಂಚು ತಗ್ಗಾಗಿಯೇ ಇಟ್ಟಿದ್ದೇನೆ.

ಮೇಲೆ ಒಂದು ಚೀಟಿ ಚುಚ್ಚಿದೆ. ನಂಬರು ಒಂದು. ಇನ್ನು ಮೇಲೆ ನಿನ್ನ ಅಂಗಡಿಯಲ್ಲಿ ಆ ನಂಬರು ಬೇರೆ ಯಾರಿಗೂ ಕೊಡಬೇಡ.

ತೊಟ್ಟುಕೊಂಡು ಬಾ ಅಮ್ಮಾ. ಫೋಟೊದವನಿಗೆ ಹೇಳಿಟ್ಟಿದ್ದೇನೆ. ಅವತ್ತಿನ ಫೋಟೊಗೆ ಇನ್ನೂ ಚೌಕಟ್ಟು ಹಾಕಿಸಿಲ್ಲ, ಗೋಡೆಗೆ ಮೊಳೆ ಮಾತ್ರ ಹೊಡೆದಿಟ್ಟಿದ್ದೇನೆ.

ನಿನ್ನ ಮಗ,
ಮೊಂಡ

ಗುರುವಾರ. ಮತ್ತೆ ಬರೆದದ್ದು:

ಪೊಟ್ಟಣ ಕಟ್ಟುವ ಮೊದಲು ನಿನ್ನೆ ಸಂಜೆ ಅಂಗಿಯನ್ನು ನಿನ್ನ ಸೊಸೆಗೆ ತೋರಿಸಿದೆ. ಎಲ್ಲ ಮೆಚ್ಚಿದಳು. ಜೇಬಿನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಮಗುವನ್ನು ಎತ್ತಿ ತಂದು ಅದರ ತೋಳನ್ನು ಜೇಬಿನ ಮೇಲೆ ಇಟ್ಟಳು. ಆಮೇಲೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು, ಆಮೇಲೆ ಬರೀ ಕಣ್ಣೀರಷ್ಟೇ ಉಳಿಯಿತು. ಅವು ಜೇಬಲ್ಲ, ಪುಟ್ಟ ತೋಳುಗಳು. ನಾನು ತಲೆಕೆಳಗಾಗಿ ಹೊಲಿದಿದ್ದೇನೆ. ಒಂದೇ ಬಟ್ಟೆಯಲ್ಲಿ ನೀನು ಇಬ್ಬರಿಗೂ ಕತ್ತರಿಸಿದ್ದೆ, ಮೊಮ್ಮಗಳಿಗೂ ನಿನಗೂ. ಅವಳ ಅಂಗಿಯ ಮೈಭಾಗವನ್ನು ನೀನು ಇನ್ನೂ ಕತ್ತರಿಸಿರಲಿಲ್ಲವೋ, ನನ್ನ ಚೌಕಗಳಲ್ಲಿ ಕರಗಿಹೋಯಿತೋ ತಿಳಿಯದು.

ಜೇಬುಗಳನ್ನು ಬಿಚ್ಚಿಲ್ಲ. ಬಿಚ್ಚಿದರೂ ಪ್ರಯೋಜನವಿಲ್ಲ, ಆ ತೋಳು ಈಗ ಅವಳ ಮೊಣಕೈ ದಾಟುವುದಿಲ್ಲ. ನೀಲಿ ಬಟ್ಟೆ ಇನ್ನೂ ಮುಕ್ಕಾಲು ಮೀಟರು ಮಿಕ್ಕಿದೆ. ನಾನು ಕತ್ತರಿ ಮುಟ್ಟುವುದಿಲ್ಲ. ಅವಳು ವಾರ ವಾರಕ್ಕೂ ಬೆಳೆಯುತ್ತಿದ್ದಾಳೆ. ಟೇಪು ಹಿಡಿದುಕೊಂಡು ಬೇಗ ಬಾ.